ಒಂದರೊಳಗೊಂದು ಕೂರದ ಹಾಳೆಗಳು

ಆಗ ನಮ್ಮ ಮನೆಯಲ್ಲಿ ದಿನಕ್ಕೊಂದು ಜಗಳ. ಜಗಳ ನನಗೂ ನನ್ನ ಅತ್ತೆಗೂ, ಕಾರಣ ಕಂಪ್ಯೂಟರ್. ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಿತ್ತು. ನಾವಿದ್ದದ್ದು ದಾಂಡೇಲಿಯಲ್ಲಿ. ನಾನು ಬಸ್ಸಿನಲ್ಲಿ ಹಳಿಯಾಳಕ್ಕೆ ಹೋಗಿ, ಕಣ್ಣು ಕಾಣದವರಿಗೆ ಬ್ರೈಲ್ ಪುಸ್ತಕ ಮಾಡಿಕೊಡುವ ಒಂದು ಪುಟ್ಟ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಸಂಜೆ ಮನೆಗೆ ಬಂದ ಮೇಲೂ ಕಂಪ್ಯೂಟರ್ ಮುಂದೆಯೇ ಕೂರುತ್ತಿದ್ದೆ. ಆ ಸಂಜೆಯ ಕೆಲಸಕ್ಕೆ ಪಗಾರ ಇರಲಿಲ್ಲ. ಅತ್ತೆಯ ಸಿಟ್ಟೆಲ್ಲ ಅದಕ್ಕೇ.

"ಯಾರ ಮನಿ ಉದ್ಧಾರ ಮಾಡಾಕ ಹತ್ತೀಯವಾ?" ಎನ್ನುವರು.

"ಜಗತ್ತಿನ ಮನಿ, ಅತ್ತಿ."

"ಜಗತ್ತಿನ ಮನಿ ಆಮ್ಯಾಲಿರ್ಲಿ. ಒಲಿ ಮ್ಯಾಲಿನ ಬ್ಯಾಳಿ ಸೀದೈತಿ, ಅದನ್ನ ನೋಡ ಮೊದಲ."

ನನ್ನ ಉತ್ತರದಲ್ಲಿ ಜಂಬ ಇತ್ತು, ಆದರೆ ಸುಳ್ಳಿರಲಿಲ್ಲ. ದೇಶದೇಶದ ಜನ ಸೇರಿ ಕಟ್ಟಿ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು ಎಂದು ಬಿಟ್ಟಿದ್ದ ಒಂದು ಆಪರೇಟಿಂಗ್ ಸಿಸ್ಟಮ್ ಅದು. ಅದರೊಳಗಿನ ನೂರಾರು ಪ್ರೋಗ್ರಾಂಗಳನ್ನು ಬರೆದಿದ್ದ ಭಾಷೆಗೆ ಹೊಸ ಆವೃತ್ತಿ ಬಂದಿತ್ತು. ಹಳೆಯದರಲ್ಲಿ ಬರೆದದ್ದು ಹೊಸದರಲ್ಲಿ ಓಡುತ್ತಿರಲಿಲ್ಲ. ಒಂದೊಂದನ್ನೂ ಯಾರಾದರೂ ಕೈಯಾರೆ ತಿದ್ದಿ ಈಚೆ ದಾಟಿಸಬೇಕು, ಗಡುವಿನೊಳಗೆ ದಾಟದ್ದನ್ನು ಪಟ್ಟಿಯಿಂದ ತೆಗೆದುಬಿಡುತ್ತಾರೆ. ಮುಖ ನೋಡದ ಜನ, ಹೆಸರು ಉಚ್ಚರಿಸಲು ಬಾರದ ಊರುಗಳವರು, "ಇದು ನನಗಿರಲಿ, ಅದು ನಿನಗಿರಲಿ" ಎಂದು ಕೆಲಸ ಹಂಚಿಕೊಳ್ಳುತ್ತಿದ್ದರು. ದಾಂಡೇಲಿಯ ಅಡುಗೆಮನೆಯ ಪಕ್ಕ ಕೂತು ನಾನೂ ಅದರಲ್ಲೊಬ್ಬಳಾಗಿದ್ದೆ. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಾನು ಹಿಡಿದುಕೊಂಡದ್ದರಲ್ಲಿ ಒಂದು ಮಾತ್ರ ನನ್ನ ಕರುಳಿಗೆ ಅಂಟಿದ್ದು. ಕನ್ನಡ ಬರಹವನ್ನು ಬ್ರೈಲ್ ಚುಕ್ಕಿಗಳಿಗೆ ತಿರುಗಿಸುವ ಪ್ರೋಗ್ರಾಂ ಅದು. ನಮ್ಮ ಕೇಂದ್ರದ ಚುಕ್ಕಿ ಹೊಡೆಯುವ ಮಷೀನು ಅದರ ಮೇಲೆಯೇ ನಡೆಯುತ್ತಿತ್ತು. ಆ ಮಷೀನಿನಿಂದ ಬರುವ ಪುಸ್ತಕಗಳನ್ನು ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವಳು ಮುಂಡಗೋಡ ತಾಲೂಕಿನ ಅತ್ತಿವೇರಿ ಕಡೆಯ ಒಬ್ಬ ಹೆಣ್ಣುಮಗಳು. ಹುಟ್ಟಿನಿಂದ ಕಣ್ಣಿಲ್ಲ. ಟೀಚರ್ ನೇಮಕಾತಿಯ ಪರೀಕ್ಷೆಗೆ ಓದುತ್ತಿದ್ದಳು. ಎರಡು ಸಲ ಕೂತು ಕೆಲವೇ ಅಂಕಗಳಿಂದ ನೌಕರಿ ಕೈತಪ್ಪಿತ್ತು. ವಯಸ್ಸಿನ ಮಿತಿ ಮೀರುವುದರಲ್ಲಿತ್ತು, ಹಾಗಾಗಿ ಈ ಸಲದ್ದೇ ಕೊನೆ.

ಅಂಥ ಹೊತ್ತಿನಲ್ಲೇ ಕೇಂದ್ರದ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಹೊಸದು ಬಂತು, ಹೊಸ ಸಿಸ್ಟಮ್ ಬಂತು. ನಮ್ಮ ಬ್ರೈಲ್ ಪ್ರೋಗ್ರಾಂ ಮಾತ್ರ ಅದರಲ್ಲಿ ಇರಲಿಲ್ಲ, ಯಾಕೆಂದರೆ ಅದನ್ನು ದಾಟಿಸಬೇಕಾದ ಮಹಾತಾಯಿ ನಾನೇ. ಒಂದು ತಿಂಗಳು ಹಗಲೆಲ್ಲ ಕೂತು ತಿದ್ದಿದೆ. ಮೊದಮೊದಲು ಸಾಲಿಗೊಂದು ದೋಷ ತೋರಿಸುತ್ತಿತ್ತು. ತಿದ್ದುತ್ತ ಹೋದಂತೆ ಅವು ಕಡಿಮೆಯಾದವು. ಒಂದು ಮಧ್ಯಾಹ್ನ ಒಂದೂ ದೋಷವಿಲ್ಲದೆ ಮಷೀನು ಟಕಟಕ ಹೊಡೆಯತೊಡಗಿತು. ನಾನು ಕುರ್ಚಿ ಬಿಟ್ಟು ಎದ್ದು ಕುಣಿದೆ. ಸಾಮಾನ್ಯ ಜ್ಞಾನದ ಪುಸ್ತಕವನ್ನು ಎರಡು ಸಂಪುಟ ಮಾಡಿ, ಮುಂಡಗೋಡದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಆಕೆಗೆ ಕಳಿಸಿದೆ. ಗಡುವಿಗೆ ಇನ್ನೂ ದಿನಗಳಿದ್ದವು. ಕೆಲಸ ಮುಗಿಯಿತು ಎಂದು ಪಟ್ಟಿಯಲ್ಲಿ ಬರೆದೂಬಿಟ್ಟೆ.

ಆಮೇಲೆ ಇತಿಹಾಸದ ಪುಸ್ತಕ. ಅದರ ಹಳೆಯ ಪ್ರತಿಯೊಂದು, ಹಳೆಯ ಕಂಪ್ಯೂಟರಿನಲ್ಲಿ ಮಾಡಿದ್ದು, ಕೇಂದ್ರದಲ್ಲಿತ್ತು. ಹೊಲಿಗೆ ಬಿಚ್ಚಿಹೋಗಿತ್ತು. ಆಕೆಗೆಂದು ಹೊಸದೊಂದನ್ನು ಹೊಡೆಸಿ, ಎರಡನ್ನೂ ಹೊಲಿಯಲೆಂದು ಮನೆಗೆ ತಂದೆ. ಹೊಲಿಯುವ ಕೆಲಸ ಅತ್ತೆಯದು. ಬಾಯಿ ಎಷ್ಟೇ ಬೈದರೂ ಕಾಗದ ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಕಾಗದದ ಕಾರ್ಖಾನೆಯಲ್ಲಿ ಹಾಳೆ ಆರಿಸುವ ಹೆಂಗಸರ ಸಾಲಿನಲ್ಲಿ ಅವರು ಅರ್ಧ ಆಯುಷ್ಯ ನಿಂತವರು. ಒಂದು ಕಟ್ಟು ಹಾಳೆಯನ್ನು ಬೀಸಣಿಗೆಯಂತೆ ಹರಡಿ, ಪಕ್ಕದವರ ಜೊತೆ ಮಗಳ ಮದುವೆಯ ಮಾತಾಡುತ್ತಲೇ, ತೂತು, ಕಲೆ, ಸುಕ್ಕು ಇದ್ದದ್ದನ್ನು ಸರಕ್ಕನೆ ಎಳೆದು ಎಸೆಯುವ ಕೆಲಸ. ಅಕ್ಷರ ಮಾತ್ರ ಒಂದೂ ಬರುತ್ತಿರಲಿಲ್ಲ.

ನಾನು ಚಹಾ ಕುಡಿಯುತ್ತಿದ್ದೆ. ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು ಹಳೆಯ ಹಾಳೆಯ ಮೇಲೆ ಹೊಸ ಹಾಳೆ ಇಟ್ಟು ಅಂಗೈಯಿಂದ ಒತ್ತುತ್ತ, ಜೋಡಿ ಜೋಡಿಯಾಗಿ ಒಟ್ಟುತ್ತಿದ್ದರು. ಎರಡರ ಸರಣಿ ಅದಲುಬದಲಾಗದಿರಲಿ ಎಂದು ತಾವೇ ಮಾಡಿಕೊಂಡ ಉಪಾಯ.

"ಇವು ಕೂಡ್ರವಲ್ಲವು" ಎಂದರು.

"ಯಾವು?"

"ಈ ಏಳು ಜೋಡಿ. ಉಳಿದಾವೆಲ್ಲ ತಾಟಿನಾಗ ತಾಟ ಕುಂತಂಗ ಕೂಡ್ರತಾವ. ಇವು ಉಬ್ಬಿ ನಿಂತಾವ."

ನನಗೆ ಪಿತ್ತ ನೆತ್ತಿಗೇರಿತು. "ಹಳೀ ಹಾಳಿ ಥಂಡಿ ಹಿಡದಿರ್ತಾವ, ಅದಕ್ಕ ಉಬ್ಯಾವ. ಸುಮ್ನ ಹೊಲೀರಿ ಅತ್ತಿ."

"ಥಂಡಿ ಹಿಡದ ಹಾಳಿ ನನಗ ತೋರಸ್ತಿಯೇನ?" ಎಂದು ಅವರು ಏಳನ್ನೂ ನನ್ನ ಮಡಿಲಿಗೆ ಎಸೆದರು. "ನೀ ಹುಟ್ಟೂಕಿಂತ ಮೊದಲ ನೋಡೇನಿ ಅಂಥಾವ. ಇಲ್ಲಿ ಗುಬ್ಬಿಗೆ ಕುಣಿ ಸಿಗವಲ್ಲದು. ಬಲಕಿನ ಕಡೆ ಬೆರಳಾಡ್ಸು."

ಬ್ರೈಲ್ ಹಾಳೆಯಲ್ಲಿ ಮುಂದೆ ಉಬ್ಬು, ಹಿಂದೆ ಕುಳಿ. ಒಂದೇ ಪುಟ ಎರಡು ಸಲ ಹೊಡೆದರೆ ಕೆಳಗಿನದರ ಉಬ್ಬು ಮೇಲಿನದರ ಕುಳಿಯಲ್ಲಿ ಹೋಗಿ ಕೂರುತ್ತದೆ. ಇಷ್ಟು ವರ್ಷ ಅದೇ ಕೆಲಸದಲ್ಲಿದ್ದ ನನಗೆ ಅದು ಹೊಳೆದಿರಲಿಲ್ಲ. ಸಿಟ್ಟಿನಲ್ಲೇ ಕಿಟಕಿಯ ಬೆಳಕಿಗೆ ಹಿಡಿದು ಚುಕ್ಕಿ ಎಣಿಸಿದೆ. ಏಳೂ ಪುಟದಲ್ಲಿ ಇಸವಿಗಳ ಕೋಷ್ಟಕ. ಹಳೆಯ ಪುಟದಲ್ಲಿ ಸಾವಿರದ ಎಂಟುನೂರಾ ಐವತ್ತೇಳು ಎಂದಿದ್ದ ಕಡೆ, ಹೊಸ ಪುಟದಲ್ಲಿ ನೂರಾ ಎಂಬತ್ತೈದು. ಬಲ ಅಂಚಿನ ಕೊನೆಯ ಅಂಕಿಯನ್ನು ಪ್ರೋಗ್ರಾಂ ಕತ್ತರಿಸಿ ಹಾಕಿತ್ತು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಭಾಷೆಯ ಹಳೆಯ ಆವೃತ್ತಿಯಲ್ಲಿ ಐದನ್ನು ಎರಡರಿಂದ ಭಾಗಿಸಿದರೆ ಎರಡು, ಉಳಿದದ್ದನ್ನು ಬಿಟ್ಟುಬಿಡುತ್ತಿತ್ತು. ಹೊಸದರಲ್ಲಿ ಎರಡೂವರೆ. ಪುಟದ ಅಗಲವನ್ನು ಕೋಷ್ಟಕದ ಕಾಲಂಗಳಿಗೆ ಹಂಚುವಾಗ ಆ ಅರ್ಧಗಳು ಸೇರಿ ಒಂದಾಗಿ, ಕೊನೆಯ ಕಾಲಮ್ಮನ್ನು ಅಂಚಿನಾಚೆ ನೂಕಿದ್ದವು. ಸಮವಾಗಿ ಭಾಗವಾಗುವ ಕಡೆ ಎಲ್ಲ ಸರಿ, ಆಗದ ಕಡೆ ಮಾತ್ರ ತಪ್ಪು. ಕಂಪ್ಯೂಟರ್ ದೋಷವೆಂದು ಹೇಳಲಿಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ದೋಷವೇ ಇರಲಿಲ್ಲ. ಮೊದಲಿನಂತೆ ಉಳಿದದ್ದನ್ನು ಬಿಟ್ಟು ಭಾಗಿಸಲೆಂದು, ಭಾಗಾಕಾರದ ಒಂದು ಓರೆಗೆರೆಯ ಜಾಗದಲ್ಲಿ ಎರಡು ಓರೆಗೆರೆ ಹಾಕಿದೆ. ಇಷ್ಟೇ ತಿದ್ದುಪಡಿ. ಒಂದು ತಿಂಗಳು ನಾನು ನೋಡಿ, ಲೋಕದ ಇನ್ನೂ ನಾಲ್ಕಾರು ಜಾಣರು ನೋಡಿ, ಯಾರಿಗೂ ಕಾಣದ ತಪ್ಪನ್ನು ಅಕ್ಷರ ಬಾರದ ಹೆಂಗಸು ಅಂಗೈಯಲ್ಲಿ ಹಿಡಿದಿದ್ದರು. ನಾನು ಬಾಯಿ ಬಿಟ್ಟುಕೊಂಡು ಅವರ ಕೈಯನ್ನೇ ನೋಡುತ್ತ ಕೂತೆ.

"ಹಂಗ್ಯಾಕ ನೋಡ್ತಿ? ದೆವ್ವ ಬಡದೈತೇನ?" ಎಂದರು.

ಆಗ ನೆನಪಾಯಿತು. ಅತ್ತಿವೇರಿ ಕಡೆಗೆ ಹೋದ ಎರಡು ಸಂಪುಟ! ಅದರ ತುಂಬ ಕೋಷ್ಟಕ. ಪರೀಕ್ಷೆಗೆ ಹತ್ತೊಂಬತ್ತು ದಿನ ಇತ್ತು. ಮರುದಿನವೇ ಕೆಟ್ಟ ಪುಟಗಳನ್ನೆಲ್ಲ ಮತ್ತೆ ಹೊಡೆಸಿದೆ. ಅದರ ಮರುದಿನ ಬೆಳಿಗ್ಗೆ ಹೊರಟೆ. ನಾನು ಕೇಳಲೂ ಇಲ್ಲ, ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ನಡಿ, ಹೋಗೂಣು. ತಪ್ಪ ಹಾಳಿ ಹೊರಗ ಹೋಗೈತಿ ಅಂದ್ರ ನನಗ ನಿದ್ದಿ ಹತ್ತಂಗಿಲ್ಲ."

ಆ ಹೆಣ್ಣುಮಗಳ ಮನೆಯ ಅಂಗಳದಲ್ಲಿ ಗೋವಿನಜೋಳದ ರಾಶಿ. ಮನೆಯವರೆಲ್ಲ ಕೂತು ತೆನೆ ಬಿಡಿಸುತ್ತಿದ್ದರು. ಆಕೆ ಒಬ್ಬಳೇ ದೂರ ಕಟ್ಟೆಯ ಮೇಲೆ, ತೊಡೆಯ ಮೇಲೆ ಮುಚ್ಚಿದ ನನ್ನ ಪುಸ್ತಕ. ನಾನು ಯಾರೆಂದು ಹೇಳಿ, ಒಂದೇ ಉಸಿರಿನಲ್ಲಿ ತಪ್ಪೊಪ್ಪಿಕೊಂಡೆ. ಆಕೆ ಪುಸ್ತಕದ ಮೇಲೆ ಅಂಗೈ ಒತ್ತಿಕೊಂಡು ಕೇಳಿದಳು.

"ಕಡೀ ಅಂಕಿ ಪುಸ್ತಕದಾಗ ಇರಲೇ ಇಲ್ಲೇನ್ರಿ ಹಂಗಾದ್ರ?"

"ಇರ್ಲಿಲ್ಲವಾ. ತಪ್ಪ ನಂದು."

"ನಾ ನನ್ನ ಬೆರಳ ಮೊಂಡ ಆಗ್ಯಾವ ಅಂತ ತಿಳ್ಕೊಂಡಿದ್ನಿರಿ" ಎಂದಳು. "ತೆನಿ ಬಿಡಿಸಿ ಬಿಡಿಸಿ ತ್ವಗಲ ದಪ್ಪ ಆಗೇತಿ, ಅದಕ್ಕ ಚುಕ್ಕಿ ಸಿಗವಲ್ಲದು ಅಂತ. ದಿನಾ ಬಿಸಿನೀರಾಗ ಬೆರಳ ನೆನಸಾಕ ಹತ್ತಿದ್ನಿ. ತೆನಿ ಮುಟ್ಟಂಗಿಲ್ಲ ಅಂತ ಅವ್ವನ ಕೂಡ ಜಗಳಾನೂ ಆತು. ಇಷ್ಟ ಚುಕ್ಕಿ ಸಿಗದಾಕಿ ಪರೀಕ್ಷಾ ಹೆಂಗ ಬರದೇನಿ ಅಂತ ನಿನ್ನಿ ಪುಸ್ತಕ ಮುಚ್ಚಿಟ್ಟಿದ್ನಿರಿ."

ಪುಸ್ತಕ ತೆಗೆದು ನೋಡಿದೆ. ಕೋಷ್ಟಕವಿದ್ದ ಪುಟಗಳ ಬಲ ಅಂಚು ಉಜ್ಜಿ ಉಜ್ಜಿ ನುಣುಪಾಗಿತ್ತು, ಕೆಲವು ಕಡೆ ಕಾಗದದ ನಾರು ಎದ್ದಿತ್ತು. ಇಲ್ಲದ ಚುಕ್ಕಿಯನ್ನು ಹುಡುಕಿದ ಜಾಗ ಅದು. ನನಗೆ ದುಃಖ ತಡೆಯಲಾಗಲಿಲ್ಲ, ಅಂಗಳದಲ್ಲೇ ಅತ್ತುಬಿಟ್ಟೆ. ಅತ್ತೆ ನನ್ನನ್ನು ಸರಿಸಿ, ಆಕೆಯ ಪಕ್ಕ ಕೂತು, ಆಕೆಯ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರು.

"ನಿನ್ನ ಬೆರಳಿಗೆ ಏನೂ ಆಗಿಲ್ಲ ತಂಗಿ. ಹಾಳೀನ ಖೊಟ್ಟಿ, ತಪ್ಪ ಅದರಾಗ ಐತಿ. ಇವನ್ನ ಓದು" ಎಂದು ಹೊಸ ಪುಟ ಇಟ್ಟರು.

ಆಕೆ ಓದಿದಳು. ಬೆರಳು ಬಲ ಅಂಚಿಗೆ ಬಂದಾಗ ಒಂದು ಕ್ಷಣ ನಿಂತಿತು. "ಏಳು" ಎಂದಳು, ಜೋರಾಗಿ. ಮುಂದಿನ ಸಾಲಿಗೆ ಹೋದಳು. ನಮ್ಮ ವಾಪಸ್ ಬಸ್ಸು ಬರಲು ಎರಡು ತಾಸಿತ್ತು. ಅಷ್ಟರಲ್ಲಿ ಆಕೆ ಅಷ್ಟೂ ಇಸವಿಗಳನ್ನು ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಬಾಯಿಪಾಠ ಒಪ್ಪಿಸಿದಳು. ತೆನೆ ಬಿಡಿಸುತ್ತಿದ್ದ ಆಕೆಯ ಅವ್ವನ ಕೈ ನಿಂತೇ ಹೋಗಿತ್ತು.

ಪರೀಕ್ಷೆಯ ಫಲಿತಾಂಶ ಬಂದ ದಿನ ಆಕೆ ನಮ್ಮ ಮನೆಗೇ ಫೋನ್ ಮಾಡಿದಳು. ಪಾಸಾಗಿದ್ದಳು, ಮುಂಡಗೋಡ ತಾಲೂಕಿನ ಶಾಲೆಗೇ ನೇಮಕ. ನಾನು ಕೂಗಾಡುತ್ತ ರಿಸೀವರ್ ಅತ್ತೆಯ ಕೈಗೆ ಕೊಟ್ಟೆ. ಅವರು "ಹೂಂ, ಹೂಂ" ಎನ್ನುತ್ತ ಕೇಳಿ, ಫೋನ್ ಇಟ್ಟು, ಅಲ್ಲೇ ನೆಲದ ಮೇಲೆ ಕೂತರು.

"ಲಕ್ಷಗಟ್ಲೆ ಹಾಳಿ ನನ್ನ ಕೈಯಾಗ ದಾಟಿ ಹೋದುವವಾ" ಎಂದರು. "ಅವು ಯಾರಿಗೆ ಹೋಗಿ ಮುಟ್ಟತಾವ, ಏನ ಆಗತಾವ, ಒಂದರದಾರ ಸುದ್ದಿ ತಿರುಗಿ ನನಗ ಬಂದಿರಲಿಲ್ಲ. ಇದೊಂದ ಬಂತ ನೋಡು."