ಟೇಪು ಮಾಮನ ಸೊಂಟದ ಅಳತೆ

ಟೇಪು ಮಾಮನ ಕೊರಳು ಅಳತೆಯ ಟೇಪಿಲ್ಲದೆ ಬರಿದಾಗಿದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲ. ಟೈಲರ್ ಅಂಗಡಿಯಲ್ಲಿ ಸರಿ, ಊಟಕ್ಕೆ ಕೂತಾಗಲೂ ಅದು ಅಲ್ಲೇ. ಎಷ್ಟೋ ಸಲ ಮಾಮನಿಗಿಂತ ಮೊದಲು ತಟ್ಟೆಗೆ ಇಳಿದು ರುಚಿ ನೋಡಿದ್ದೂ ಅದೇ. ಪ್ಯಾಂಟು ಹೊಲಿದು ಹೊಲಿದು ಮಾಮನಿಗೆ ಎದುರು ಬಂದವರ ಮುಖಕ್ಕಿಂತ ಮೊದಲು ಸೊಂಟ ಕಾಣುತ್ತದೆ. ನಮ್ಮಂಥವರ ಸೊಂಟದ ಗುಟ್ಟೆಲ್ಲ ಗೊತ್ತಿದ್ದೂ ಬಾಯಿ ಬಿಡದಿರುವುದು ಅವರ ದೊಡ್ಡ ಗುಣ. “ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರ್ತೀನಿ, ಮುಂದೆ ಬೇಕಾಗ್ಬಹುದು,” ಎನ್ನುತ್ತಾರಷ್ಟೆ. ಆ ‘ಮುಂದೆ’ ಬೇಗನೇ ಬರುತ್ತದೆ ಎಂದು ಮಾತ್ರ ಹೇಳುವುದಿಲ್ಲ.

ಮಾಮನಿಗೆ ಸಕ್ಕರೆ ಕಾಯಿಲೆ ಹಳೆಯ ನಂಟು. ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ದಿನವಿಡೀ ಸೂಜಿಯ ಜೊತೆ ಸಂಸಾರ ಮಾಡುವವರಿಗೆ ಈ ಒಂದು ಸೂಜಿ ಕಂಡರೆ ಮಾತ್ರ ಆಗದು, ಗುಟ್ಟಾಗಿ ಆಗಾಗ ತಪ್ಪಿಸುತ್ತಿದ್ದರು. ಹೀಗಿರುವಾಗ ಅವರ ಸೊಂಟ ತಾನೇ ತಾನಾಗಿ ಕರಗತೊಡಗಿತು. ತಮ್ಮ ನೀಲಿ ಪ್ಯಾಂಟನ್ನು ಒಮ್ಮೆ ಒಳಕ್ಕೆ ಹಿಡಿದು ಹೊಲಿದುಕೊಂಡರು. ಆಮೇಲೆ ಮತ್ತೊಮ್ಮೆ. ಮೂರನೇ ಸಲ ಹಿಡಿಯುವ ಹೊತ್ತಿಗೆ ಹಿಂದಿನ ಜೇಬುಗಳೆರಡೂ ಗುಟ್ಟು ಮಾತಾಡುವಷ್ಟು ಹತ್ತಿರ ಬಂದಿದ್ದವು.

“ನೋಡೇ, ಸೊಂಟ ಇಳೀತು ಅಂದ್ರೆ ಸಕ್ಕರೆನೂ ಇಳೀತು ಅಂತ್ಲೇ ಅರ್ಥ,” ಎಂದು ಹೆಂಡತಿಗೆ ಟೇಪು ಹಿಡಿದು ತೋರಿಸಿದರು.

ಮಾಮನ ಹೆಂಡತಿ ಬೀದಿಗೆಲ್ಲ ಅತ್ತೆ. “ರಕ್ತ ತೋರಿಸ್ಕೊಂಡು ಬನ್ನಿ ಅಂದ್ರೆ ಟೇಪು ತೋರಿಸ್ತೀರಲ್ಲ ರೀ. ಕೊಡಗಟ್ಟಲೆ ನೀರು ಕುಡೀತೀರಿ, ಕೂತಲ್ಲಿಂದ ಬಚ್ಚಲಿಗೆ ಓಡ್ತೀರಿ.”

“ಓಡೋದೂ ಒಳ್ಳೇದೇ ಅಲ್ವಾ?”

ಇನ್ಸುಲಿನ್ ಮೊದಲು ಅರ್ಧಕ್ಕೆ ಇಳಿಯಿತು, ಆಮೇಲೆ ಫ್ರಿಜ್ಜಿನ ಮೂಲೆ ಸೇರಿತು. ಅದನ್ನು ಅತ್ತೆಗೆ ಹೇಳುವ ತಂಟೆಗೆ ಮಾಮ ಹೋಗಲಿಲ್ಲ.

ಒಂದು ಬೆಳಿಗ್ಗೆ ಕತ್ತರಿ ಹಿಡಿದಿದ್ದವರು ಅಂಗಡಿಯಲ್ಲೇ ಕುಸಿದು ಕೂತರು. ವಾಂತಿ, ಹೊಟ್ಟೆನೋವು, ಬೆಟ್ಟ ಹತ್ತಿ ಬಂದವರ ಹಾಗೆ ಆಳವಾದ ಏದುಸಿರು. ಆ ಉಸಿರಿಗೆ ಕೊಳೆತ ಹಣ್ಣಿನ ವಾಸನೆ. “ತಿಂದಿದ್ದು ಕೆಟ್ಟಿರ್ಬೇಕು,” ಎಂದು ಅಡುಗೆಯ ಮೇಲೆ ತಪ್ಪು ಹೊರಿಸುತ್ತಲೇ ಮಾಮ ಗಾಡಿ ಹತ್ತಿದರು. ಅತ್ತೆ ಆಸ್ಪತ್ರೆಯವರೆಗೂ ಅವರ ಬೆನ್ನು ನೀವುತ್ತಲೇ ಇದ್ದರು.

“ಇನ್ಸುಲಿನ್ ನಿಲ್ಲಿಸಿದ್ರಾ?” ಎಂದು ಡಾಕ್ಟರಮ್ಮ ಕೇಳಿದರು. ಮಾಮ ಗೋಡೆ ನೋಡಿದರು. ಅತ್ತೆ ಮಾಮನನ್ನು ನೋಡಿದರು.

“ಅದಿಲ್ದೆ ದೇಹಕ್ಕೆ ಸಕ್ಕರೆ ಬಳಸೋಕಾಗಲ್ಲಮ್ಮಾ,” ಎಂದು ಡಾಕ್ಟರಮ್ಮ ಅತ್ತೆಗೆ ಹೇಳಿದರು. “ಅದಕ್ಕೇ ಕೊಬ್ಬು ಸುಡುತ್ತೆ. ಇವರು ತೆಳ್ಳಗಾಗಿದ್ದು ಹಾಗೆ. ಸುಟ್ಟಿದ್ದು ಕೀಟೋನ್ ಅನ್ನೋ ಆಮ್ಲ ಆಗಿ ರಕ್ತದಲ್ಲಿ ತುಂಬಿದೆ. ತಡ ಆಗಿದ್ರೆ ಉಳಿಸೋದು ಕಷ್ಟ ಇತ್ತು. ಈಗಲೂ ಜೋಪಾನ.”

ಒಂದು ಕೈಗೆ ಸಲೈನ್ ಹತ್ತಿತು. ಇನ್ನೊಂದಕ್ಕೆ ಪುಟ್ಟ ಪಂಪಿನಿಂದ ಚೂರುಚೂರೇ ಇನ್ಸುಲಿನ್. ಗಂಟೆಗೊಮ್ಮೆ ಸಿಸ್ಟರ್ ಬಂದು ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದರು. ಸ್ವಲ್ಪ ಚೇತರಿಸಿಕೊಂಡದ್ದೇ ಮಾಮನಿಗೆ ನಾಲಗೆ ಬಂತು.

“ಏನ್ ಸಿಸ್ಟರ್, ಬೆರಳಿಗೆಲ್ಲ ಕಾಜಾ ಹೊಡೀತಿದ್ದೀರಾ?”

“ಗುಂಡಿ ನೀವು ಹಾಕ್ಕೊಳ್ಳಿ ಅಂಕಲ್.”

ಮರುದಿನ ಸಿಸ್ಟರ್ ಸಕ್ಕರೆ ಇಳಿದಿದೆ ಎಂದದ್ದೇ ತಡ, ಮಾಮ ಎದ್ದು ಕೂತರು. “ಹಾಗಾದ್ರೆ ಬಿಚ್ಚಿ ಇದನ್ನ. ಗಿರಾಕಿಗಳು ಕಾಯ್ತಿರ್ತಾರೆ.”

“ಸಕ್ಕರೆ ಇಳಿದಿದೆ, ಆಮ್ಲ ಇನ್ನೂ ಹೋಗಿಲ್ಲ. ಇನ್ಸುಲಿನ್ ನಡೀಬೇಕು. ಸಕ್ಕರೆ ತೀರಾ ಬೀಳ್ಬಾರ್ದು ಅಂತ ಈಗ ಸಲೈನ್ ಜೊತೆ ಗ್ಲೂಕೋಸ್ ಹಾಕ್ತೀವಿ.”

“ಕೇಳಿದ್ಯೇನೇ? ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ಕುಡಿಸ್ತಾರಂತೆ. ಇವರೇ ಹರಿಯೋದು, ಇವರೇ ಹೊಲಿಯೋದು.” ಮಾಮನ ಬೆರಳು ಆಗಲೇ ಪಂಪಿನ ಸೂಜಿಗೆ ಅಂಟಿಸಿದ್ದ ಪ್ಲಾಸ್ಟರಿನ ಅಂಚು ಹುಡುಕುತ್ತಿತ್ತು.

“ಈಗ ಕಿತ್ರೆ ಆಮ್ಲ ಮತ್ತೆ ಏರುತ್ತೆ. ಆಮ್ಲ ಹೋಗಿ, ಮಾಮೂಲಿ ಇಂಜೆಕ್ಷನ್ ಕೊಟ್ಟು, ಅದು ಹಿಡ್ಕೊಂಡ್ಮೇಲೆ ನಾವೇ ತೆಗೀತೀವಿ,” ಎಂದರು ಸಿಸ್ಟರ್.

ಬೆರಳು ಅಂಚಿನಿಂದ ಕದಲಲಿಲ್ಲ.

“ರೀ,” ಎಂದರು ಅತ್ತೆ. “ಕೋಟಿನ ತೋಳಿಗೆ ಕಚ್ಚಾ ಹೊಲಿಗೆ ಹಾಕ್ತೀರಲ್ಲ, ಅದನ್ನ ಯಾವಾಗ ಬಿಚ್ತೀರಿ?”

“ಮಿಷನ್ ಹೊಲಿಗೆ ಬಿದ್ಮೇಲೆ. ಇದೇನು, ಆಸ್ಪತ್ರೇಲಿ ಕೋಟಿನ ಮಾತು?”

“ಬೀಳೋ ಮುಂಚೇನೇ ಬಿಚ್ಚಿದ್ರೆ?”

“ತೋಳು ಕಳಚಿ ಕೈಗೆ ಬರುತ್ತೆ ಅಷ್ಟೆ.” ಹೇಳಿ ಮುಗಿಸಿದ ಮೇಲೆ ಮಾಮನಿಗೆ ತಾವು ಸಿಕ್ಕಿಬಿದ್ದದ್ದು ತಿಳಿಯಿತು.

“ನಿಮ್ ಕೈಗೆ ತೋಳಾದ್ರೂ ಬರುತ್ತೆ. ನನ್ ಕೈಗೆ ಏನು ಬರುತ್ತೆ ಅಂತ ಯೋಚ್ನೆ ಮಾಡಿ,” ಎಂದು ಅತ್ತೆ ಕಿಟಕಿಯತ್ತ ತಿರುಗಿದರು. ಕಿಟಕಿಯಾಚೆ ನೋಡುವಂಥದ್ದು ಏನೂ ಇರಲಿಲ್ಲ.

ಮಾಮ ಕೈ ತೆಗೆದರು. ಆಮೇಲೆ ಆಮ್ಲ ಹೋಯಿತು, ಹಸಿವು ಬಂತು. ಇಂಜೆಕ್ಷನ್ ಕೊಟ್ಟ ಮೇಲೂ ಒಂದಷ್ಟು ಹೊತ್ತು ಓಡಿದ ಪಂಪನ್ನು ಅವರು ಮುಟ್ಟಲಿಲ್ಲ. “ಪಕ್ಕಾ ಹೊಲಿಗೆ ಬಿತ್ತಾ ಸಿಸ್ಟರ್?” ಎಂದು ಕೇಳಿ ಕೇಳಿ ಮಾತ್ರ ಸುಸ್ತು ಮಾಡಿದರು.

ಇನ್ಸುಲಿನ್ ಮತ್ತೆ ಶುರುವಾದ ಮೇಲೆ ಸೊಂಟವೂ ತವರಿಗೆ ಬಂದ ಮಗಳ ಹಾಗೆ ನಿಧಾನವಾಗಿ ಮೈತುಂಬಿಕೊಂಡಿತು. ನೀಲಿ ಪ್ಯಾಂಟಿನ ಗುಂಡಿ ಸೇರಲಿಲ್ಲ. ಬಿಚ್ಚಿ ದೊಡ್ಡದು ಮಾಡೋಣವೆಂದರೆ ಒಳಗೆ ಬಟ್ಟೆಯೇ ಇಲ್ಲ. ಇನ್ನು ದಪ್ಪ ಆಗೋದುಂಟೇ ಎಂಬ ಜಂಬದಲ್ಲಿ ಮೂರನೇ ಸಲ ಕತ್ತರಿ ಆಡಿಸಿ ಎಸೆದಿದ್ದರು.

“ಬೀದಿಗೆಲ್ಲ ಬಟ್ಟೆ ಬಿಡ್ತೀರಿ, ನಿಮಗೇ ಬಿಟ್ಕೊಂಡಿಲ್ವಾ?” ಎಂದರು ಅತ್ತೆ.

ಈಗ ಆ ಪ್ಯಾಂಟಿನ ಹಿಂಭಾಗದಲ್ಲಿ ಒಂದು ಕಂದು ಪಟ್ಟಿ ಸೇರಿದೆ. ಗಿರಾಕಿಗಳು ನಕ್ಕರೆ ಮಾಮ ಗಂಭೀರವಾಗಿ, “ಅದು ಇನ್ಸುಲಿನ್. ಒಳಗಿಲ್ಲ ಅಂದ್ರೆ ಹೊರಗಿಂದ ಹಾಕ್ಬೇಕು,” ಎನ್ನುತ್ತಾರೆ. ದಿನಾ ಬೆಳಿಗ್ಗೆ ಚುಚ್ಚಿಕೊಳ್ಳಲು ಅಂಗಿ ಎತ್ತಿದಾಗ ಕೊರಳ ಟೇಪು ಹೊಟ್ಟೆಯ ಮೇಲೆ ಇಳಿದು ಅಡ್ಡ ಬರುತ್ತದೆ. ಅತ್ತೆ ಅದರ ತುದಿಯನ್ನು ಪಕ್ಕಕ್ಕೆ ಎತ್ತಿ ಹಿಡಿಯುತ್ತಾರೆ, ಸೂಜಿ ಹೊರಬರುವ ತನಕ ಬಿಡುವುದಿಲ್ಲ.