ಮಿಲಿಂದಕಾಕಾ ಬಡಿದು ನೋಡಿದ ಡಬ್ಬ

ಮಿಲಿಂದಕಾಕಾ ಯಾವುದನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಬಲಗೈಯ ನಡುಬೆರಳನ್ನು ಮಡಚಿ, ಅದರ ಗಿಣ್ಣಿನಿಂದ ಟಕ್ ಟಕ್ ಎಂದು ಬಡಿದು ನೋಡುತ್ತಿದ್ದರು. ಕಲ್ಲಂಗಡಿ ಹಣ್ಣು, ನೀರಿನ ಟಾಕಿ, ಹೋಟೆಲಿನ ಮೇಜು, ಸವಾರನ ತಲೆಯ ಮೇಲೇ ಇದ್ದ ಹೆಲ್ಮೆಟ್ಟು, ಎಲ್ಲಕ್ಕೂ ಅದೇ ಪರೀಕ್ಷೆ. ಬಡಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಕೆಳತುಟಿ ಸ್ವಲ್ಪ ಮುಂದೆ ಬರುತ್ತಿತ್ತು. ಆ ಗಿಣ್ಣಿನ ಮೇಲೆ ಕಡಲೆಬೇಳೆಯಷ್ಟು ಅಗಲದ ಜಡ್ಡು ಕಟ್ಟಿತ್ತು.

ನಾನು ಅವರನ್ನು ಮೊದಲು ಕಂಡದ್ದು ಜನವರಿಯ ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ. ಡೈರಿಯಲ್ಲಿ ಹಾಗೇ ಇದೆ. ನಾನು ಟ್ರಕ್ಕು ಓಡಿಸುವವನು, ಊರು ಖಜೂರಿ. ಗಾಡಿ ನಮ್ಮ ಅಣ್ಣ ಕೊಂಡದ್ದು. ಎಷ್ಟು ಕಿಲೋಮೀಟರು ಓಡಿತು, ಎಲ್ಲಿ ಉಂಡೆ, ಎಷ್ಟು ಸಲ ಚಹಾ ಕುಡಿದೆ ಎಂದು ದಿನಾ ಬರೆದಿಡುವ ಚಟ ನನಗೆ ಪಿಯುಸಿಯಿಂದಲೂ ಇದೆ. ಅವತ್ತು ಜೇವರ್ಗಿಯಲ್ಲಿ ತೊಗರಿ ಇಳಿಸಿ, ವಿಜಯಪುರ ರಸ್ತೆಯ ಮೇಲಿದ್ದ ಅವರ ತಗಡಿನ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು ಬಂದು ಗಾಡಿಯ ಎಡಬಾಗಿಲನ್ನು ಮೂರು ಸಲ ಬಡಿದರು.

“ಇದರ ತಗ್ಗು ಮುಚ್ಚಾಕ ಪುಟ್ಟಿ ಮೆತ್ಯಾರ. ಈ ಗಾಡಿ ಒಮ್ಮಿ ಉರುಳೇದಲೇ ತಮ್ಮಾ.”

ಹಳೆಯ ಮಾಲೀಕ ಗಾಡಿಗೆ ಒಂದು ಗೀರೂ ಬಿದ್ದಿಲ್ಲ ಎಂದು ಆಣೆ ಹಾಕಿ ಅಣ್ಣನಿಗೆ ಮಾರಿದ್ದ. ನಾನು ಬಾಗಿಲನ್ನು ಸವರಿ ನೋಡಿದೆ. “ಅಂಜಬ್ಯಾಡ, ಮುರದದ್ದು ಜೋಡಿಸಿದ್ರ ನಡೀತದ. ಮುಚ್ಚಿಟ್ರ ನಡ್ಯಾಂಗಿಲ್ಲ. ಏನ್ ಬೇಕಾಗಿತ್ತು?” ಎಂದರು.

ನನಗೆ ಬೇಕಾಗಿದ್ದದ್ದು ಸಬ್‌ವೂಫರ್ ಕೂರಿಸಲು ಒಂದು ಡಬ್ಬ. ಎಂಜಿನ್ನಿನ ಗದ್ದಲದಲ್ಲಿ ಹಾಡಿನ ಮಾತಷ್ಟೇ ಕೇಳುತ್ತಿತ್ತು, ತಬಲಾದ ಡಗ್ಗಾದ ಪೆಟ್ಟು ಕೇಳುತ್ತಿರಲಿಲ್ಲ. ಆ ಪೆಟ್ಟಿಗೆಂದೇ ಈ ದೊಡ್ಡ ಸ್ಪೀಕರು ತಂದಿದ್ದೆ. ಆದರೆ ಸೀಟಿನ ಹಿಂದಿನ ಜಾಗ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಾಗಿತ್ತು. ಇಬ್ಬರು ಬಡಿಗೇರರು ಕಟ್ಟಿಗೆಯ ಡಬ್ಬ ಅಲ್ಲಿ ಕೂರುವುದಿಲ್ಲ ಎಂದು ಕೈ ಚೆಲ್ಲಿದ್ದರು. ಜಾಗ ಹೇಗಿದೆಯೋ ಹಾಗೆ ಬಗ್ಗುವುದು ಫೈಬರ್ ಮಾತ್ರ. ಆ ಕೆಲಸ ಬಲ್ಲವರು ಸುತ್ತಮುತ್ತ ಇವರೊಬ್ಬರೇ.

ಹುಡುಗನಾಗಿದ್ದಾಗ ಮುಂಬೈಗೆ ಹೋಗಿ ಮೀನುಗಾರರ ದೋಣಿ ಕಟ್ಟುವಲ್ಲಿ ಹದಿಮೂರು ವರ್ಷ ದುಡಿದಿದ್ದರಂತೆ. ಜೇವರ್ಗಿಯಲ್ಲಿ ಸಮುದ್ರವೆಲ್ಲಿಂದ ಬರಬೇಕು? ಒಡೆದ ಟಾಕಿ, ಟ್ರಕ್ಕಿನ ನೆತ್ತಿಯ ಟೋಪಿ, ದಾಬಾಗಳ ಮುಂದಿನ ಗೊಂಬೆ ಇವೇ ಅವರ ಪಾಲಿಗೆ ಬಂದ ದೋಣಿಗಳು. ಬಡಿಯುವ ಚಟ ಮಾತ್ರ ಅಲ್ಲಿಯದೇ. “ದೋಣ್ಯಾಗ ಅಂಗೈಯಷ್ಟು ಪೊಳ್ಳ ಉಳದ್ರ ಐದ್ ಮಂದಿ ಮುಳಗ್ತಾರ. ಮ್ಯಾಲ ಬಣ್ಣ ಹಚ್ಚಿದ್ರ ಕಣ್ಣಿಗೆ ಕಾಣಂಗಿಲ್ಲ. ಕಿವಿಗೆ ಮೋಸ ಮಾಡಾಕ ಬರಂಗಿಲ್ಲ,” ಎನ್ನುತ್ತಿದ್ದರು.

ಒಂದು ದಾಬಾದ ಮುಂದೆ ಬಿಳಿಯ ಫೈಬರ್ ಕುದುರೆ ನಿಂತಿತ್ತು. ಒಮ್ಮೆ ಇಬ್ಬರೂ ಅಲ್ಲಿ ಊಟಕ್ಕೆ ಹೋದಾಗ ಇವರು ತಾಟು ಬಿಟ್ಟೆದ್ದು ಅದರ ನಾಲ್ಕೂ ಕಾಲು ಬಡಿದು ಬಂದರು. “ಸಾವಕಾರ, ನಿಮ್ಮ ಕುದರಿ ಹಿಂದಿನ ಬಲಗಾಲು ಪೊಳ್ಳದ್ರಿ.” ಗಲ್ಲಾಪೆಟ್ಟಿಗೆಯ ಹಿಂದಿದ್ದವನು ನಕ್ಕ. “ಅದೇನ್ ಓಡೂದೈತೇನ್ರಿ ಕಾಕಾ?” ಮರುವಾರ ನಾನು ಅದೇ ದಾರಿಯಲ್ಲಿ ಬರುವಾಗ ಮಿಲಿಂದಕಾಕಾ ಕುದುರೆಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಆ ಕಾಲಿನ ಪೊಳ್ಳು ತುಂಬುತ್ತಿದ್ದರು. ಯಾರೂ ಕರೆದಿರಲಿಲ್ಲ. ಯಾಕೆ ಎಂದು ಕೇಳಿದೆ. “ಕುದರಿ ಓಡಂಗಿಲ್ಲ ಖರೇ. ಹುಡುಗರು ಏರಿ ಕುಂಡ್ರತಾವಲ್ಲ?” ಎಂದು ಕೈ ಒರೆಸಿಕೊಂಡರು.

ನನ್ನ ಡಬ್ಬದ ಕೆಲಸ ನಾಲ್ಕು ಮಂಗಳವಾರ ನಡೆಯಿತು. ಮೊದಲ ವಾರ ಸೀಟಿನ ಹಿಂದಿನ ಜಾಗಕ್ಕೆಲ್ಲ ಟೇಪು ಅಂಟಿಸಿ, ಅದರ ಮೇಲೆ ಗಾಜಿನ ನಾರಿನ ಫೈಬರ್ ಮ್ಯಾಟು ಹಾಸಿ, ಅಂಟಿನಂಥ ರೆಸಿನ್ ಹಚ್ಚಿದರು. ಒಣಗಿದ ಮೇಲೆ ಕಿತ್ತರೆ ಗಾಡಿಯ ಬೆನ್ನಿನ ಅಚ್ಚೇ ಕೈಗೆ ಬಂತು. ಎರಡನೇ ವಾರ ಅದಕ್ಕೆ ಸ್ಪೀಕರಿನ ಕಟ್ಟಿಗೆ ಬಳೆ ನಿಲ್ಲಿಸಿ, ಮೇಲೆ ಬಟ್ಟೆ ಬಿಗಿಯಬೇಕಿತ್ತು. ಎಳೆದರೆ ಹಿಗ್ಗುವ ಬಟ್ಟೆ ಬೇಕೆಂದಾಗ ನನ್ನ ಹಳೆಯ ಕಬಡ್ಡಿ ಜರ್ಸಿ ಕೊಟ್ಟೆ. ರೆಸಿನ್ ಕುಡಿದ ಬಟ್ಟೆಯ ಮೇಲೆ ಒಂಬತ್ತು ನಂಬರು ಎದ್ದು ಕಂಡಿತು. ಮೂರನೇ ವಾರ ಡಬ್ಬದ ಹೊಟ್ಟೆ ಅಳೆಯುವುದಕ್ಕೆ ಹೆಂಡತಿ ಶಾಂತಾಕಾಕುವಿನಿಂದ ಜೋಳ ಇಸಿದುಕೊಂಡು, ಲೀಟರಿನ ಡಬ್ಬಿಯಿಂದ ಸುರಿದರು. ಎಣಿಸುವ ಕೆಲಸ ನನ್ನದು. ಮೂವತ್ತೊಂದು ಲೀಟರು ಹಿಡಿಯಿತು. ಸ್ಪೀಕರಿನವರು ಬರೆದದ್ದು ಇಪ್ಪತ್ತೊಂಬತ್ತು.

“ಎರಡ್ ಲೀಟರ್ ಉಸರಾಡ್ಲಿ ಬಿಡು. ಬರಕೊಂಡೇನ್ ಕಾರಕೂನಾ?”

ಅಷ್ಟರಲ್ಲಿ ನನ್ನ ಹೆಸರು ಕಾರಕೂನ ಎಂದೇ ಆಗಿತ್ತು. ಅವರು ಏನು ಮಾಡಿದರೂ ನಾನು ಗುಮಾಸ್ತನ ಹಾಗೆ ಬರೆಯುತ್ತಿದ್ದೆ. ‘ಒಂದು ಮಗ್ಗು ರೆಸಿನ್ನಿಗೆ ಹಾರ್ಡ್‌ನರ್ ಎರಡು ಮುಚ್ಚಳ’ ಎಂದು ಬರೆದು ಕೆಳಗೆ ಗೆರೆ ಎಳೆದದ್ದೂ ಅಲ್ಲಿಯೇ. ಹಾರ್ಡ್‌ನರ್ ಬಿದ್ದ ಮೇಲೆಯೇ ರೆಸಿನ್ ಗಟ್ಟಿಯಾಗುವುದು. ಅವರು ಮಾತ್ರ ಮುಚ್ಚಳದ ಕಡೆ ನೋಡುತ್ತಲೇ ಇರಲಿಲ್ಲ. ಹಾಕಿ, ಕಲಸಿ, ಮಗ್ಗನ್ನು ಗಲ್ಲಕ್ಕೆ ಒತ್ತಿ ಅದರ ಬಿಸಿ ನೋಡುತ್ತಿದ್ದರು. ಅದನ್ನು ನಾನು ಬರೆದುಕೊಳ್ಳಲಿಲ್ಲ. ಅದಕ್ಕೆ ಅಳತೆ ಇರಲಿಲ್ಲವಲ್ಲ.

ಇಷ್ಟೆಲ್ಲ ಡಬ್ಬ ಮಾಡಿದವರಿಗೆ ಹಾಡಿನ ಮೇಲೆ ಪ್ರೀತಿ ಇರಲಿಲ್ಲ. “ಹಾಡೂದು ಸ್ಪೀಕರಿನ ಕೆಲಸ. ಡಬ್ಬಾ ಬಾಯಿ ಮುಚ್ಕೊಂಡಿರ್ಬೇಕು. ಪೊಳ್ಳ ಇದ್ದ ಡಬ್ಬಾ ತಾನೂ ನಡುವ ಬಾಯಿ ಹಾಕ್ತದ,” ಎನ್ನುತ್ತಿದ್ದರು.

ನಾಲ್ಕನೇ ಮಂಗಳವಾರ ಫೈಬರಿನ ಎರಡು ಪದರ ಹಾಕುವಷ್ಟರಲ್ಲಿ ಅವರಿಗೆ ಕೆಮ್ಮು ಹತ್ತಿತು. ಕಲಬುರಗಿಯ ಡಾಕ್ಟರು ಎದೆಯ ಫೋಟೋ ನೋಡಿ, ಆ ವಾಸನೆ, ಆ ಧೂಳು ಇನ್ನು ಸಾಕು, ಒಂದು ದಿನವೂ ಬೇಡ ಎಂದರಂತೆ. ಶೆಡ್ಡಿಗೆ ಬೀಗ ಬಿತ್ತು. ಒಂದೇ ಪದರ ಬಾಕಿ ಇದ್ದ ನನ್ನ ಡಬ್ಬ ಒಳಗೇ ಉಳಿಯಿತು.

ಖಜೂರಿಯ ಚಹಾದಂಗಡಿಯಲ್ಲಿ ಡ್ರೈವರುಗಳು ದಿನಾ ಕೇಳುತ್ತಿದ್ದರು: “ಏನಪಾ, ನಿನ್ನ ಡಬ್ಬಾ ಇನ್ನ ಹಡದಿಲ್ಲೇನು?” ಏಪ್ರಿಲ್ ತನಕ ತಡೆದುಕೊಂಡೆ. ಆಮೇಲೆ ಹೋಗಿ ಕೇಳಿದೆ. ಶೆಡ್ಡಿನ ಹಿಂದೆಯೇ ಅವರ ಮನೆ. ಅವರು ಕೀಲಿಕೈ ಕೊಟ್ಟರು. “ನೋಡಿ ಕಲ್ತಿದಿ, ನೀನ ಹಾಕು. ನಾಳಿ ನಾ ದವಾಖಾನಿಗೆ ಹೋಗ್ತೇನಿ. ಬಣ್ಣ ಹಚ್ಚಿ ಇಡು, ಶುಕ್ರಾರ ಬಂದು ಬಡದ್ ನೋಡ್ತೇನಿ.”

ಬುಧವಾರ ಮಧ್ಯಾಹ್ನ ಒಂದೂವರೆಗೆ ಒಬ್ಬನೇ ಶುರು ಮಾಡಿದೆ. ತಗಡು ಕಾದು ಕೆಂಡವಾಗಿತ್ತು. ಡೈರಿ ತೆರೆದು, ಜನವರಿಯ ಪುಟದಲ್ಲಿದ್ದಂತೆ ಎರಡು ಮುಚ್ಚಳ ಅಳೆದು ಹಾಕಿದೆ. ನಾಲ್ಕು ಸಲ ಬ್ರಷ್ಷು ಅದ್ದಿರಬೇಕು, ಮಗ್ಗಿನಿಂದ ಹೊಗೆ ಎದ್ದಿತು. ರೆಸಿನ್ ಬೆಲ್ಲದ ಪಾಕದಂತೆ ಗಂಟುಕಟ್ಟತೊಡಗಿತು. ಗಾಬರಿಯಲ್ಲಿ ಅದನ್ನೇ ಬಳಿದು, ಮ್ಯಾಟನ್ನು ಒತ್ತಿಬಿಟ್ಟೆ. ರೋಲರ್ ಉರುಳಿಸಿ ಗಾಳಿ ತೆಗೆಯುವುದಕ್ಕೆ ಸಮಯವೇ ಸಿಗಲಿಲ್ಲ. ಕೆಳಗಿನ ಮೂಲೆಯಲ್ಲಿ ಮ್ಯಾಟು ರೊಟ್ಟಿಯ ಹಾಗೆ ಉಬ್ಬಿ ನಿಂತಿತು. ಮರುದಿನ ಅದರ ತಲೆಯಷ್ಟೇ ತಿಕ್ಕಿ, ಪುಟ್ಟಿ ಮೆತ್ತಿ, ಕಪ್ಪು ಬಣ್ಣ ಹೊಡೆದೆ. ಎಲ್ಲಿಂದ ನೋಡಿದರೂ ಚೆನ್ನಾಗಿಯೇ ಕಂಡಿತು. ಡೈರಿಯ ಬುಧವಾರದ ಪುಟದಲ್ಲಿ ಬರೆದದ್ದು ಎರಡೇ ಸಾಲು: ‘ಕೊನೆಯ ಪದರ ಹಾಕಿದೆ. ಚಹಾ ನಾಲ್ಕು ಸಲ.’

ಶುಕ್ರವಾರ ಅವರು ಮೂಗಿಗೆ ಟವೆಲು ಕಟ್ಟಿಕೊಂಡು ಬಂದರು. ಶಾಂತಾಕಾಕು ಬಾಗಿಲಲ್ಲಿ ನಿಂತಿದ್ದರು. “ಬರೇ ಬಡದ್ ಬರ್ರಿ. ಏನೂ ಮುಟ್ಟಬ್ಯಾಡ್ರಿ.”

ಮೇಲಿಂದ ಬಡಿಯುತ್ತ ಬಂದರು. ಮೂಲೆಗೆ ಬಂದಾಗ ಬೆರಳು ನಿಂತಿತು. ಮತ್ತೆ ಬಡಿದರು. ನನಗೂ ಕೇಳಿಸಿತು, ಖಾಲಿ ರಟ್ಟಿನ ಪೆಟ್ಟಿಗೆಯಂಥ ಸದ್ದು.

“ಡೈರಿ ತಗಿ. ಬುಧವಾರದ್ದು ಓದು.”

ಓದಿದೆ.

“ಚಾ ಕುಡದದ್ದ ಸೈತ ಬರದಿ. ಇದ್ಯಾಕ್ ಬರದಿಲ್ಲಲೇ?”

ನಾನು ತಲೆ ತಗ್ಗಿಸಿದೆ. ಅವರು ಗೋಡೆಗೆ ತೂಗುಹಾಕಿದ್ದ, ಫೈಬರ್ ಕೊರೆಯುವ ಗ್ರೈಂಡರ್ ಇಳಿಸಿಕೊಂಡರು.

“ಏನ್ ಮಾಡಾಕತ್ತೀರಿ?” ಶಾಂತಾಕಾಕು ಚೀರಿದರು. “ಒಂದ್ ದಿನ ಸೈತ ಬ್ಯಾಡ ಅಂದಾರಲ್ಲ ಡಾಕ್ಟರ್! ಯಾರಿಗೆ ಕಾಣತದರಿ ಆ ಮೂಲಿ? ಹಿಂದಿರ್ತದ, ಒಯ್ಲಿ ಬಿಡ್ರಿ ಅವ!”

“ನನ್ನ ಶೆಡ್ಡಿನಿಂದ ಪೊಳ್ಳ ಹೋಗಂಗಿಲ್ಲ ಬೇ,” ಎಂದರು. ದನಿ ಜೋರಾಗಿರಲಿಲ್ಲ. ಪ್ಲಗ್ಗಿಗೆ ಕೈ ಹಾಕಿದ್ದರು. ಅವರ ಎದೆ ಟವೆಲಿನ ಹಿಂದೆ ಸಿಳ್ಳೆ ಹೊಡೆಯುತ್ತಿತ್ತು.

ಆಗ ನಾನು ಬಾಯಿ ಬಿಟ್ಟೆ. “ಕಾಕಾ, ತಪ್ಪ್ ನಂದ್ರಿ. ಜನವರಿ ಪುಟ ನೋಡಿ ಏಪ್ರಿಲ್‌ದಾಗ ಎರಡು ಮುಚ್ಚಳ ಹಾಕ್ದೆ. ಮಗ್ ಹೊಗಿ ಬಿಡ್ತು. ಪೊಳ್ಳ ಕಂಡಿತ್ತು, ನಾನ ಮುಚ್ಚೇನಿ. ನಾನ ಕೊರೀತೇನಿ, ಕೊಡ್ರಿ.”

ಅವರು ನನ್ನನ್ನು ದಿಟ್ಟಿಸಿದರು. ಆಮೇಲೆ ನಗತೊಡಗಿದರು, ನಗು ಕೆಮ್ಮಾಯಿತು, ಕೆಮ್ಮಿನ ನಡುವೆಯೂ ನಗು. “ಈ ಬಿಸಲಾಗ ಎರಡು ಮುಚ್ಚಳ! ಬಿಸಲ ತಾನ ಗಟ್ಟಿ ಮಾಡ್ತದ, ಒಂದ ಹೆಚ್ಚಾಗ್ತದಲೇ ಇಲ್ಲಿ! ಡಬ್ಬಾ ಆಮ್ಯಾಲ, ಮೊದಲ ನಿನ್ನ ತಲಿ ಬಡದ್ ನೋಡ್ಬೇಕಿತ್ತು ನಾ.”

ಗ್ರೈಂಡರ್ ನನ್ನ ಕೈಗೆ ಬಂತು. ಶಾಂತಾಕಾಕು ಅವರನ್ನು ರಸ್ತೆಯ ಆಚೆ, ಗಾಳಿ ಬರುವ ದಿಕ್ಕಿನಲ್ಲಿದ್ದ ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದರು. ನಾನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪೊಳ್ಳನ್ನು ಕೊರೆದು ತೆಗೆದೆ. ಉಳಿದದ್ದನ್ನು ಧೂಳು ಏಳದಂತೆ ನೀರು ಹಾಕಿ ತಿಕ್ಕಿದೆ. ಡಬ್ಬವನ್ನು ಬಾಗಿಲಿಗೆ ತಂದಿಟ್ಟೆ. ಆಚೆಯಿಂದ ಕೂಗು: “ಬಡಿ!” ಬಡಿದೆ. “ಇನ್ನ ಬೆರಳಷ್ಟು ಎಡಕ್ಕ ತಗಿ!” ಟ್ರಕ್ಕು ಬಂದಾಗ ಅಂಗೈ ಎತ್ತಿ ನನ್ನನ್ನು ನಿಲ್ಲಿಸುತ್ತಿದ್ದರು. ಸದ್ದು ದಾಟಿಹೋದ ಮೇಲೆ ಕೈ ಇಳಿಸುತ್ತಿದ್ದರು, ನಾನು ಬಡಿಯುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೆದ್ದಾರಿಯ ಅಗಲವನ್ನು ದಾಟಿ ಅಷ್ಟು ಸಣ್ಣ ಸದ್ದು ಅವರಿಗೆ ಹೇಗೆ ಕೇಳುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೊಸ ಪದರಕ್ಕೆ ಅರ್ಧ ಮುಚ್ಚಳ ಹಾಕಿ ಕಲಸಿ, ಮಗ್ಗನ್ನು ಗಲ್ಲಕ್ಕೆ ಒತ್ತಿಕೊಂಡು ಅವರತ್ತ ನೋಡಿದೆ. ಅವರು ಆಚೆಯಿಂದ ತಲೆ ಆಡಿಸಿದರು.

ಅವತ್ತಿನ ಪುಟದಲ್ಲಿ ಎಲ್ಲವೂ ಇದೆ. ಬುಧವಾರದ ಪುಟಕ್ಕೂ ಬಿಟ್ಟದ್ದನ್ನು ಸೇರಿಸಿ ಬರೆದೆ.

ಜೂನಿನಲ್ಲಿ ಅವರು ಶೆಡ್ಡು ಬಿಟ್ಟರು. ಅಫಜಲಪುರದ ಕಡೆ ಕರಜಗಿಯಲ್ಲಿ ಶಾಂತಾಕಾಕುವಿನ ತಮ್ಮನ ಕಬ್ಬಿಗೆ ನೀರು ಬಿಡುವ ಕೆಲಸ ಹಿಡಿದರು. ಶೆಡ್ಡಿನಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಒಮ್ಮೆ ಒಳಹೋಗಿ ಗೋಡೆ ಬಡಿದೆ. ಅಂಗಡಿಯವನು ನನ್ನನ್ನು ವಿಚಿತ್ರವಾಗಿ ನೋಡಿದ.

ಡಿಸೆಂಬರಿನಲ್ಲಿ ಕರಜಗಿಯಿಂದ ಕಬ್ಬಿನ ಲೋಡು ಸಿಕ್ಕಿತು. ಕಾಕಾ ಹೊಲದ ಬದುವಿನಿಂದ ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಬಂದರು. ಸೊರಗಿದ್ದರು, ಆದರೆ ಕೆಮ್ಮು ಇರಲಿಲ್ಲ. ಕಾಲು ತೊಳೆಯದೆಯೇ ಕ್ಯಾಬಿನ್ನು ಹತ್ತಿದರು.

“ಹಾಡು ಹಚ್ಲೇನ್ರಿ ಕಾಕಾ?”

“ಬ್ಯಾಡ, ಬಂದ್ ಇರ್ಲಿ. ನನಗ ಕೇಳ್ಬೇಕು.”

ಸೀಟಿನ ಹಿಂದೆ ಕೈ ತೂರಿಸಿ ಬಡಿಯತೊಡಗಿದರು. ನಾನು ಮನಸ್ಸಿನಲ್ಲೇ ಎಣಿಸಿದೆ. ಆ ಮೂಲೆಗೆ ಬಂದಾಗಲೂ ಅವರ ಬೆರಳು ನಿಲ್ಲಲಿಲ್ಲ. ಹಾಗೇ ದಾಟಿ ಹೋಯಿತು. ಅದಾದ ಮೇಲೆ ಆ ದಾರಿಯಲ್ಲಿ ನನಗೆ ಲೋಡು ಸಿಕ್ಕಿಲ್ಲ, ಅವರನ್ನು ಕಂಡಿಲ್ಲ.

ಆ ದಿನದ ಪುಟದಲ್ಲಿ ‘ಬಡಿತ ಹನ್ನೆರಡು’ ಎಂದಿದೆ. ಹನ್ನೊಂದು ಡಬ್ಬದ ಮೇಲೆ. ಹನ್ನೆರಡನೆಯದು, ಕೆಳಗಿಳಿಯುವ ಮೊದಲು, ನನ್ನ ಹಣೆಯ ಮೇಲೆ. ಕಣ್ಣು ಮುಚ್ಚಿ, ಕೆಳತುಟಿ ಮುಂದೆ ಮಾಡಿ, ಬಹಳ ಹೊತ್ತು ಕೇಳಿಸಿಕೊಂಡರು.

“ಹೂಂ,” ಎಂದರು. “ಪೊಳ್ಳ ಇಲ್ಲ. ಇನ್ನ ಹೊಂಡು ನೀ.”