ಪಟ್ಟಿ ಕಿರಿದಾದ ಭಾನುವಾರ

ನಾನು ಎಂ.ಎಸ್ಸಿ. ಮುಗಿಸಿದ್ದು ಮೂವತ್ತು ದಾಟಿದ ಮೇಲೆ. ಊರಿನ ಹೈಸ್ಕೂಲಿನ ಮೇಷ್ಟ್ರ ಕೆಲಸಕ್ಕೆ ರಜೆ ಹಾಕಿ, ಭೌತಶಾಸ್ತ್ರದ ಸಂಶೋಧನೆಗೆಂದು ಬೆಂಗಳೂರಿಗೆ ಬಂದು, ಗರುಡಾಚಾರ್‌ಪಾಳ್ಯದಲ್ಲಿ ಮಹಡಿ ಮೇಲೊಂದು ರೂಮು ಹಿಡಿದೆ. ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಮೆಷಿನ್ ಹಗಲೆಲ್ಲ ಬಡಿಯುತ್ತಿತ್ತು. ಜೊತೆಗೆ ಓದುವ ಹುಡುಗರು ತಮ್ಮತಮ್ಮಲ್ಲಿ ‘ಮಗಾ’, ‘ಗುರು’ ಅಂದುಕೊಳ್ಳುತ್ತಿದ್ದರು. ನನಗೆ ಮಾತ್ರ ‘ಸರ್’. “ಸರ್, ಟೀಗೆ ಹೋಗ್ಬರ್ತೀವಿ” ಎಂದು ಒಪ್ಪಿಗೆ ಕೇಳಿ ಹೋಗಿಬಿಡುತ್ತಿದ್ದರು. ಬನ್ನಿ ಎನ್ನುತ್ತಿರಲಿಲ್ಲ.

ದೂರದ ದೇಶದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುತ್ತಾರೆ. ಆ ಡಿಕ್ಕಿಯಿಂದ ಏನೇನು ಎಷ್ಟೆಷ್ಟು ಸಿಡಿಯಬೇಕು ಎಂದು ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನಮ್ಮ ಕೆಲಸ. ಉತ್ತರ ಒಂದು ಗೆರೆಯಾಗಿ ಬರುತ್ತದೆ. ಗೆರೆಯ ಸುತ್ತ, ಇಷ್ಟರೊಳಗೆ ಹೆಚ್ಚುಕಮ್ಮಿ ಇದ್ದೀತು ಎನ್ನುವ ಒಂದು ಪಟ್ಟಿ. ನನ್ನ ಪಟ್ಟಿ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಲ್ಲಿ ತೂಗುಹಾಕಿದ ಸೀರೆಯ ಅಂಚಿನಷ್ಟು ಅಗಲವಿತ್ತು. ಅಷ್ಟು ಅಗಲವಿದ್ದರೆ ಅಲ್ಲಿ ಅಳೆದದ್ದು ಏನೇ ಬಂದರೂ ಸರಿ ಎನ್ನಬಹುದು. ಅಂಥ ಲೆಕ್ಕ ಯಾರಿಗೂ ಬೇಡ. ಹಿಂದಿನ ಲೆಕ್ಕದಲ್ಲಿ ಬಿಟ್ಟಿದ್ದ ಸಣ್ಣಸಣ್ಣ ತಿದ್ದುಪಡಿಗಳನ್ನು ಸೇರಿಸಿ ಅದನ್ನು ಕಿರಿದು ಮಾಡಬೇಕಿತ್ತು.

ಸಂಶೋಧನೆಯ ಗೈಡ್ ನೇರವಾಗಿಯೇ ಹೇಳಿದ್ದರು: “ನಿಮ್ ರಜೆ ಮುಗೀತಾ ಬಂತಲ್ರೀ. ಈ ಸಲಾನೂ ಕಿರಿದಾಗ್ಲಿಲ್ಲ ಅಂದ್ರೆ ಸ್ಕೂಲಿಗೆ ವಾಪಸ್ ಹೋಗ್ಬಿಡಿ. ಬೇಜಾರ್ ಮಾಡ್ಕೋಬೇಡಿ.”

ರೂಮು ಖಾಲಿ ಮಾಡಬೇಕಾದೀತು ಎಂದು ಕೆಳಮನೆಯ ಓನರ್ ಅಮ್ಮನಿಗೂ ಹೇಳಿಟ್ಟೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಬಾಡಿಗೆ ಮನೆ ಕಟ್ಟಿಸಿದವರು ಅವರು. ನಾನು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುವವನು. ಮಧ್ಯೆ ಕರೆಂಟು ಹೋದರೆ ದಿನಗಟ್ಟಲೆ ಓಡಿದ ಲೆಕ್ಕ ಮತ್ತೆ ಮೊದಲಿನಿಂದ. ಅಮ್ಮ ಮೆಟ್ಟಿಲ ಬುಡದಿಂದಲೇ ಕೂಗುತ್ತಿದ್ದರು:

“ಏನ್ ಮೇಷ್ಟ್ರೇ, ಇವತ್ತೂ ಡಿಕ್ಕಿ ಹೊಡ್ಸಿದ್ರಾ? ಟಿನ್ ಫ್ಯಾಕ್ಟರಿ ಸರ್ಕಲ್ ಹತ್ರ ನಿಂತ್ಕೊಳ್ಳಿ, ಬಸ್ಸು ಲಾರಿ ಡಿಕ್ಕಿ ಬೇಕಾದಷ್ಟು ಪುಕ್ಕಟೆ ನೋಡ್ಬೋದು.”

ಎಷ್ಟೋ ದಿನ ಯಾರಾದರೂ ನನ್ನೊಡನೆ ಆಡಿದ ಮಾತು ಅದೊಂದೇ.

ಒಂದು ಭಾನುವಾರ ಮಧ್ಯಾಹ್ನ ಹೊಸ ಗ್ರಾಫ್ ಮೂಡಿತು. ಗೆರೆ ಇದ್ದಲ್ಲೇ ಇತ್ತು. ಪಟ್ಟಿ ಮಾತ್ರ ದಾರದಷ್ಟಾಗಿತ್ತು. ಹಳೆಯದನ್ನು ಪಕ್ಕದಲ್ಲಿಟ್ಟು ಮತ್ತೆ ಮತ್ತೆ ನೋಡಿದೆ. ಮೂಲೆಯ ಬೂತಿಗೆ ಹೋಗಿ ಗೈಡಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ವಾಪಸ್ ಬಂದಾಗ ಅಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

“ಅಮ್ಮ, ಬಂತು.”

“ಏನ್ ಬಂತು?”

“ಉತ್ತರ.”

“ಹೊಸದಾ?”

“ಇಲ್ಲ, ಹಳೇದೇ. ಆದ್ರೆ ಈಗ ಅನುಮಾನ ಕಮ್ಮಿ.”

“ಅಯ್ಯೋ ಶಿವನೇ! ಅದೇ ಉತ್ತರಕ್ಕಾ ಇಷ್ಟ್ ವರ್ಷ ನನ್ ಕರೆಂಟ್ ಉರ್ಸಿದ್ದು?” ಎಂದು ನಕ್ಕರು. ಆಮೇಲೆ ಕೈ ನಿಲ್ಲಿಸಿ, “ಹಂಗಾದ್ರೆ ರೂಮ್ ಖಾಲಿ ಮಾಡಲ್ಲ ಅನ್ನಿ?” ಎಂದರು.

“ಇಲ್ಲಮ್ಮ. ಇರ್ತೀನಿ.”

ಹೇಳಿದ ಮೇಲೆಯೇ ಅದರ ಭಾರ ತಿಳಿದದ್ದು: ಇನ್ನೂ ಎಷ್ಟೋ ದಿನ ಇದೇ ರೂಮು, ಇದೇ ಲೆಕ್ಕ. ಮೇಲೆ ಹೋದೆ. ಭಾನುವಾರ ಪಕ್ಕದ ಶೆಡ್ಡಿನ ಮೆಷಿನ್ ಕೂಡ ನಿಂತಿರುತ್ತಿತ್ತು. ಕಂಪ್ಯೂಟರಿನ ಫ್ಯಾನಿನ ಸದ್ದೊಂದೇ. ಮುಂದಿನ ತಿದ್ದುಪಡಿಯ ಮೊದಲ ಸಾಲನ್ನು, ಅಕ್ಷರ ಹುಡುಕಿ ಹುಡುಕಿ, ಒತ್ತತೊಡಗಿದೆ.